ಒಗೆಯದ ಏಪ್ರನ್

ಬೇಕರಿಯಮ್ಮ ತನ್ನ ಜೀವಮಾನದಲ್ಲಿ ಒಂದು ಬನ್ನನ್ನೂ ಬೇಯಿಸಿದವಳಲ್ಲ. ಬೇಕರಿಯ ಭಟ್ಟಿಯ ಮುಂದೆ ನಿಂತು ಬೆವರಿಳಿಸಿದವನು ಅವಳ ಗಂಡ. ಹೆಸರು ಮಾತ್ರ ಇವಳಿಗೆ ಅಂಟಿಕೊಂಡಿತು. ಯಾರೋ ಒಬ್ಬರು ಒಂದು ಸಲ ಹಾಗೆ ಕರೆದರು, ಬೀದಿಯವರೆಲ್ಲ ಹಿಂದೆಯೇ ಕರೆದರು. ಮೂವತ್ತೊಂದು ವರ್ಷ ಕಳೆಯುವ ಹೊತ್ತಿಗೆ ಅವಳ ಸ್ವಂತ ಹೆಸರು ಗ್ಯಾಸಿನ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಗಂಡ ಬೆಳಕು ಹರಿಯುವ ಮುಂಚೆ ಎದ್ದು ಹೋದರೆ ಮಧ್ಯಾಹ್ನ ಒಂದು ಗಂಟೆಗೆ ವಾಪಸು ಬರುತ್ತಿದ್ದ. ಬಂದವನು ಮುಂಬಾಗಿಲಲ್ಲಿ ಕಾಲಿಡುವಂತಿರಲಿಲ್ಲ. ಪಕ್ಕದ ಓಣಿಯಲ್ಲಿ ಹಾದು, ಹಿತ್ತಿಲಿಗೆ ಬಂದು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಏಪ್ರನ್ ಬಿಚ್ಚಿ, ಎರಡು ತುದಿ ಹಿಡಿದು ಮೂರು ಸಲ ಕೊಡವಿ, ಆಮೇಲೆ ಒಳಗೆ ಬರಬೇಕು. ಮದುವೆಯಾದ ಮೊದಲ ವಾರ ಹಾಸಿಗೆಯ ತನಕ ಬಿದ್ದ ಹಿಟ್ಟಿನ ಹೆಜ್ಜೆಗಳನ್ನು ನೋಡಿ ಬೇಕರಿಯಮ್ಮ ಮಾಡಿದ ಕಾನೂನು ಇದು. ಆತ ಒಂದು ದಿನವೂ ಮುರಿಯಲಿಲ್ಲ. ಮಳೆ ಬಂದರೆ ಸೂರಿನ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತು, ಕೈ ಮಾತ್ರ ಹೊರಗೆ ಚಾಚಿ ಕೊಡವುತ್ತಿದ್ದ. ಆದರೂ ಬೇಕರಿಯಮ್ಮ ದಿನಾ ಒಳಗಿನಿಂದ ಕೂಗುವುದು ತಪ್ಪಲಿಲ್ಲ.

"ಎಷ್ಟು ಸಲ ಹೇಳಿದೀನಿ, ಹೊರಗೆ ಕೊಡವಿ ಅಂತ."

"ಹೊರಗೇ ಇದೀನಲ್ಲೇ."

"ಇನ್ನೂ ಸ್ವಲ್ಪ ಹೊರಗೆ."

"ತಪ್ಪಾಯ್ತು."

ತಪ್ಪಾಯ್ತು ಎನ್ನುವುದು ಆತನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹಾಲು ಉಕ್ಕಿದರೆ ತಪ್ಪಾಯ್ತು. ಗಡಿಯಾರ ನಿಂತರೆ ತಪ್ಪಾಯ್ತು. ಇವಳು ಸಿಟ್ಟಿನಲ್ಲಿ ತಾನೇ ಕೈಜಾರಿಸಿ ಗಾಜಿನ ಲೋಟ ಒಡೆದರೂ ಆತ ಚೂರು ಹೆಕ್ಕುತ್ತಾ ಅದನ್ನೇ ಹೇಳುತ್ತಿದ್ದ. ಜಗಳವಾಡಬೇಕೆಂದು ಸೊಂಟ ಕಟ್ಟಿ ನಿಂತವಳಿಗೆ ಇದಕ್ಕಿಂತ ದೊಡ್ಡ ನಿರಾಸೆ ಇನ್ನೊಂದಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಡಾಕ್ಟರು ಇಬ್ಬರಲ್ಲಿ ಯಾರ ಮೇಲೂ ಬೊಟ್ಟು ಮಾಡಿರಲಿಲ್ಲ. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಆತ ಮೆಲ್ಲಗೆ ತಪ್ಪಾಯ್ತು ಅಂದಿದ್ದ. ಆ ಒಂದು ಸಲ ಮಾತ್ರ ಬೇಕರಿಯಮ್ಮ ಬಸ್ಸಿನಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆತ ಎಂದಿನಂತೆ ಬಂದ, ಕೊಡವಿದ, ಹಿತ್ತಿಲ ಬಾಗಿಲ ಹಿಂದಿನ ಮೊಳೆಗೆ ಏಪ್ರನ್ ನೇತುಹಾಕಿದ, ಊಟ ಮಾಡಿ ಮಲಗಿದ. ನಾಲ್ಕು ಗಂಟೆಗೆ ಟೀ ಹಿಡಿದು ಹೋದ ಬೇಕರಿಯಮ್ಮ, "ಇದೇನು ಇಷ್ಟು ನಿದ್ದೆ, ಸೂರ್ಯ ಮುಳುಗೋ ಹೊತ್ತಾಯ್ತು" ಎಂದು ಬೈದಳು. ಎರಡನೆಯ ಸಲ ಬೈಯುವಾಗ ಅವಳಿಗೆ ಗೊತ್ತಾಯಿತು. ಟೀ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕೆನೆಗಟ್ಟಿಕೊಂಡು ಉಳಿಯಿತು.

ಬಂದವರು ಬಂದರು, ಹೋದವರು ಹೋದರು. ಆತನ ಅಂಗಿಗಳನ್ನೆಲ್ಲ ಒಗೆದು, ಮಡಿಸಿ, ಬೇಕಾದವರಿಗೆ ಕೊಟ್ಟಳು. ಏಪ್ರನ್ ಮಾತ್ರ ಮೊಳೆಯಲ್ಲೇ ಉಳಿಯಿತು. ಅದನ್ನು ನೀರಿಗೆ ಅದ್ದಲು ಅವಳಿಗೆ ಕೈ ಬರಲಿಲ್ಲ. ಆ ಬಟ್ಟೆಯ ಎದೆಯ ಭಾಗದಲ್ಲಿ ಇನ್ನೂ ಹುದುಗು ಬಂದ ಹಿಟ್ಟಿನ ವಾಸನೆ, ಸುಟ್ಟ ಸಕ್ಕರೆಯ ವಾಸನೆ, ಅದರ ಕೆಳಗೆ ಆತನ ಬೆವರಿನ ವಾಸನೆ ಇತ್ತು. ದಿನಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಗಂಟೆಗೆ, ಅವಳು ಬಾಗಿಲ ಹಿಂದೆ ಹೋಗಿ ಅದಕ್ಕೆ ಮುಖ ಒತ್ತಿ ನಿಲ್ಲುತ್ತಿದ್ದಳು. ಜಾಸ್ತಿ ಹೊತ್ತು ನಿಂತರೆ ವಾಸನೆ ಖರ್ಚಾಗಿ ಹೋಗುತ್ತದೆ ಎಂಬ ಹೆದರಿಕೆಗೆ ಬೇಗ ಮುಖ ತೆಗೆಯುತ್ತಿದ್ದಳು.

ಹಿತ್ತಿಲು ಗುಡಿಸುವುದನ್ನು ಬಿಟ್ಟುಬಿಟ್ಟಳು. ಹಿಟ್ಟು ಬೀಳದ ಮೇಲೆ ಗುಡಿಸುವುದು ಯಾತಕ್ಕೆ? ಮೊದಲು ಏಪ್ರನ್ ಕೊಡವಿದ ಕೂಡಲೇ ಗುಬ್ಬಚ್ಚಿಗಳ ದಂಡು ಇಳಿದು ನೆಲವನ್ನೆಲ್ಲ ಹೆಕ್ಕುತ್ತಿತ್ತು. ಆತ ಹೋಗಿ ವಾರದೊಳಗೆ ಅವೂ ಬೇರೆ ಮನೆ ನೋಡಿಕೊಂಡವು. ಹಕ್ಕಿಗಳಿಗೂ ಬೇಕಾದದ್ದು ಬೇಕರಿಯವನೇ ಹೊರತು ಬೇಕರಿಯಮ್ಮನಲ್ಲ.

ಚಳಿ ಶುರುವಾದಾಗ ಮೆಟ್ಟಿಲ ಪಕ್ಕದಲ್ಲಿ ಗಿಡಗಳು ಎದ್ದವು. ಮೊದಲು ಕಳೆ ಅಂದುಕೊಂಡಳು. ಕೀಳಬೇಕೆಂದು ಬಗ್ಗಿದವಳು ಹಾಗೆಯೇ ನಿಂತಳು. ಗಿಡಗಳು ಹಿತ್ತಿಲ ತುಂಬ ಚೆಲ್ಲಾಪಿಲ್ಲಿ ಎದ್ದಿರಲಿಲ್ಲ. ಮೆಟ್ಟಿಲ ಮುಂದೆ ಒಂದು ಅರ್ಧ ಚಕ್ರದಷ್ಟು ಜಾಗದಲ್ಲಿ ಮಾತ್ರ ಇದ್ದವು. ಮೆಟ್ಟಿಲ ಮೇಲೆ ನಿಂತು, ಎರಡು ಕೈ ಚಾಚಿ, ಬಟ್ಟೆಯೊಂದನ್ನು ಝಾಡಿಸಿದರೆ ಧೂಳು ಎಷ್ಟು ದೂರ ಹೋಗಿ ಬೀಳುತ್ತದೋ ಅಷ್ಟು ದೂರ. ಬೇಕರಿಯಮ್ಮ ಮೆಟ್ಟಿಲ ಮೇಲೆ ನಿಂತು ಬರಿಗೈಯನ್ನು ಚಾಚಿ ನೋಡಿದಳು. ಅನುಮಾನವೇ ಇಲ್ಲ, ಇವು ನಮ್ಮ ಮನೆಯವರದೇ ಗಿಡಗಳು.

ಏನು ಗಿಡ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಬೂದಿ ಬಳಿದಂಥ ಹಸಿರು ಎಲೆಗಳು, ಅಂಚೆಲ್ಲ ಹರುಕು ಹರುಕು. ಬೆಳಿಗ್ಗೆ ನೀರು, ಸಂಜೆ ನೀರು. ನೀರಿನ ಜೊತೆಗೆ ಮಾತು. ಮೊಗ್ಗು ಬಿಟ್ಟಾಗ ಎಲ್ಲವೂ ಕತ್ತು ಬಗ್ಗಿಸಿ ನೆಲ ನೋಡತೊಡಗಿದವು. "ಯಾಕೆ ಹೀಗೆ ತಲೆ ತಗ್ಗಿಸಿಕೊಂಡು ನಿಂತಿದೀರಿ, ನಾನೇನು ಬೈದೆನಾ?" ಎಂದಳು. ಆ ವಾರದಲ್ಲೇ ಒಂದೊಂದಾಗಿ ಕತ್ತೆತ್ತಿ ಅರಳಿದವು. ತೆಳ್ಳಗಿನ ನೇರಳೆ ದಳ, ಬುಡದಲ್ಲಿ ಕಪ್ಪು ಬೊಟ್ಟು. ಒಂದು ಹೂವು ಒಂದೇ ದಿನ ಇದ್ದು ಮರುದಿನ ಉದುರುತ್ತಿತ್ತು, ಅಷ್ಟರಲ್ಲಿ ಪಕ್ಕದ್ದು ಅರಳುತ್ತಿತ್ತು. ಎಣಿಸಿದರೆ ನಲವತ್ತಮೂರು ಗಿಡ. ಎಷ್ಟೋ ತಿಂಗಳ ಮೇಲೆ ಬೇಕರಿಯಮ್ಮನಿಗೆ ಬೆಳಿಗ್ಗೆ ಏಳಲು ಒಂದು ನೆಪ ಸಿಕ್ಕಿತು.

ಪಕ್ಕದ ಮನೆಯ ಟೀಚರ್ ಕಾಂಪೌಂಡಿನ ಮೇಲಿಂದ ಇಣುಕಿ, "ಅಯ್ಯೋ ಎಷ್ಟು ಚೆಂದ ಇದೆ, ನನಗೂ ಒಂದು ಕೊಡಿ" ಅಂದರು. ಬೇಕರಿಯಮ್ಮ ಒಂದು ಗಿಡವನ್ನು ಬುಡದ ಮಣ್ಣು ಕದಲದ ಹಾಗೆ ಎತ್ತಿ ಕುಂಡಕ್ಕೆ ಹಾಕಿ ಕೊಟ್ಟಳು. ಟೀಚರ್ ಅದನ್ನು ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟರು. ಅಷ್ಟಕ್ಕೇ ಸುಮ್ಮನಾಗದೆ ಪುರಸಭೆಯ ಮನೆತೋಟ ಸ್ಪರ್ಧೆಯ ಫಾರ್ಮನ್ನೂ ತಂದುಕೊಟ್ಟರು.

"ಬಹುಮಾನ ಯಾರಿಗೆ ಬೇಕು ಟೀಚರ್."

"ಬಹುಮಾನಕ್ಕಲ್ಲ. ಮೂರು ಜನ ಮನೆಗೇ ಬಂದು ನೋಡಿ ಹೋಗ್ತಾರೆ."

ಮೂರು ಜನ ಮನೆಗೇ ಬರುತ್ತಾರೆ. ಬೇಕರಿಯಮ್ಮನಿಗೆ ಆ ಮಾತು ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಹನ್ನೊಂದು ತಿಂಗಳಿಂದ ಆ ಮನೆಯ ಹೊಸ್ತಿಲು ದಾಟಿದವರೆಂದರೆ ಗ್ಯಾಸಿನವನು, ಮೀಟರ್ ಓದುವವನು, ಎರಡೋ ಮೂರೋ ಸಲ ಮೈದುನ. ಅವರೂ ಕುಳಿತವರಲ್ಲ. ಅಂದೇ ಸಂಜೆ ಕುಳಿತು ಫಾರ್ಮ್ ತುಂಬಿದಳು, ಗುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತುಕಾಟು ಇಲ್ಲದಂತೆ. ತಳಿಯ ಹೆಸರು: ಗೊತ್ತಿಲ್ಲ, ಆದರೆ ಬಹಳ ಚೆನ್ನಾಗಿದೆ. ಗಿಡಗಳ ಸಂಖ್ಯೆ: ನಲವತ್ತಮೂರು. ಟೀಚರಿಗೆ ಕೊಟ್ಟದ್ದೂ ಮನೆಯದೇ ಅಲ್ಲವೇ ಎಂದು ಅದನ್ನೂ ಸೇರಿಸಿದ್ದಳು. ಬೆಳೆಸಿದವರ ಹೆಸರು ಅನ್ನುವಲ್ಲಿ ತನ್ನ ಹೆಸರು ಬರೆದು ಸ್ವಲ್ಪ ಯೋಚಿಸಿ, ಪಕ್ಕದಲ್ಲಿ "ಮತ್ತು ನಮ್ಮ ಮನೆಯವರು" ಎಂದು ಸೇರಿಸಿ, ಕೆಳಗೆ ಸಹಿ ಹಾಕಿದಳು. ತನ್ನ ಕೈಯಾರೆ ತಾನೇ ತನ್ನ ಮೇಲೆ ದೂರು ಬರೆದುಕೊಂಡು, ಪುರಸಭೆಗೆ ಹೋಗಿ ಕೊಟ್ಟು, ರಸೀದಿಯನ್ನೂ ತಂದಳು. ಇಂಥ ಕೆಲಸವನ್ನು ಯಾವ ಕಳ್ಳನೂ ಮಾಡಲಾರ.

ಅವರು ಬರುವ ದಿನ ಮೂರು ಕಪ್ಪು ತೊಳೆದು, ಒರೆಸಿ, ತಟ್ಟೆಯಲ್ಲಿ ಜೋಡಿಸಿದಳು. ಬಂದವರಲ್ಲಿ ಮುಂದಿದ್ದವರು ತೋಟಗಾರಿಕೆ ಅಧಿಕಾರಿ. ಹಿತ್ತಿಲ ಮೆಟ್ಟಿಲು ಇಳಿಯುವ ತನಕ ಅವರು ನಗುತ್ತಲೇ ಇದ್ದರು. ಇಳಿದ ಮೇಲೆ ನಗು ಹಾಗೇ ನಿಂತಿತು. ಬಗ್ಗಿ ಒಂದು ಎಲೆ ಮುಟ್ಟಿದರು, ಆಗಲೇ ಬಲಿಯುತ್ತಿದ್ದ ಒಂದು ಕಾಯಿ ನೋಡಿದರು. ಜೊತೆಗೆ ಬಂದಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು.

"ಇವನ್ನ ನಿಮಗೆ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ ಸಾರ್. ನಮ್ಮವೇ."

"ಅಮ್ಮಾ, ಇದು ಗಸಗಸೆ ಗಿಡ. ಇದರ ಕಾಯಿ ಗೀರಿದ್ರೆ ಬರೋ ಹಾಲೇ ಅಫೀಮು. ಲೈಸೆನ್ಸ್ ಇಲ್ಲದೆ ಬೆಳೆಯೋ ಹಾಗಿಲ್ಲ. ಒಂದೇ ಒಂದು ಗಿಡ ಇದ್ರೂ ಕೇಸು."

ಬೇಕರಿಯಮ್ಮನಿಗೆ ನಗು ಬಂತು. "ಗಸಗಸೆನಾ? ಅಂಗಡೀಲಿ ಪೊಟ್ಟಣದಲ್ಲಿ ಕೊಡ್ತಾರಲ್ಲ, ಅದಾ? ಬನ್ನಿನ ಮೇಲೆ ಉದುರಿಸೋದು?"

"ಪೊಟ್ಟಣದಲ್ಲಿದ್ರೆ ಯಾರೂ ಕೇಳಲ್ಲ. ಮಣ್ಣಲ್ಲಿ ಮೊಳೆತರೆ ಅಪರಾಧ."

"ಹಾಗಾದ್ರೆ ಈಗಲೇ ಕಿತ್ತು ಹಾಕ್ತೀನಿ ಬಿಡಿ ಸಾರ್." ಹೇಳಿ, ಹತ್ತಿರದ ಗಿಡದ ಬುಡಕ್ಕೆ ಕೈ ಹಾಕಿದಳು.

"ಕೀಳಬೇಡಿ. ಕಿತ್ರೆ ಸಾಕ್ಷಿ ನಾಶ ಮಾಡಿದ್ರು ಅಂತ ಇನ್ನೊಂದು ಕೇಸಾಗುತ್ತೆ." ಅವರಿಗೂ ಸಂಕಟವಾಗಿತ್ತು, ಒಳ್ಳೆಯ ಮನುಷ್ಯ. "ನಾನು ನೋಡೇ ಇಲ್ಲ ಅಂತ ಹೇಳೋಣ ಅಂದ್ರೆ ನಿಮ್ಮ ಫಾರ್ಮಿಗೆ ನಂಬರು ಬಿದ್ದಿದೆ. ಕೆಳಗೆ ಸಹಿ ಬೇರೆ ಇದೆ. ನಾನು ಹೇಳದಿದ್ರೆ ನನ್ನ ನೌಕರಿಗೇ ಸಂಚಕಾರ."

ಮೂವರೂ ಓಣಿಯ ಕಡೆಯಿಂದಲೇ ಹೊರಟುಹೋದರು. ಮೂರು ಕಪ್ಪುಗಳು ತಟ್ಟೆಯಲ್ಲಿ ಮಗುಚಿದಂತೆಯೇ ಇದ್ದವು.

ಮಧ್ಯಾಹ್ನ ಜೀಪು ಬಂತು. ಸಬ್‌ಇನ್‌ಸ್ಪೆಕ್ಟರ್ ಹೆಂಗಸು, ನಲವತ್ತರ ಆಸುಪಾಸು, ಮಾತಿಗಿಂತ ಬರವಣಿಗೆ ಜಾಸ್ತಿ. ಜೊತೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು. ಗಿಡಗಳ ಫೋಟೋ ತೆಗೆದರು, ಟೇಪು ಹಿಡಿದು ಮೆಟ್ಟಿಲಿಂದ ಎಷ್ಟು ದೂರ ಎಂದು ಅಳೆದರು. ಆತನ ಕೈ ಎಷ್ಟು ದೂರ ಚಾಚುತ್ತಿತ್ತು ಎಂಬುದು ಸರ್ಕಾರದ ಕಾಗದದಲ್ಲಿ ಅಡಿ ಇಂಚಿನ ಲೆಕ್ಕದಲ್ಲಿ ದಾಖಲಾಯಿತು. ಆಮೇಲೆ ಒಂದೊಂದಾಗಿ ಕೀಳತೊಡಗಿದರು. ಬೇಕರಿಯಮ್ಮ ಮೆಟ್ಟಿಲ ಮೇಲೆ ಕುಳಿತು ನೋಡಿದಳು. ಎದೆಯಲ್ಲಿ ಏನೋ ಒಂದು ಪ್ರತಿ ಗಿಡದ ಜೊತೆಗೂ ಸಡಿಲವಾಗುತ್ತಿತ್ತು. ಶವ ಎತ್ತಿದ ದಿನವೂ ಅವಳಿಗೆ ಇಷ್ಟು ಕಷ್ಟವಾಗಿರಲಿಲ್ಲ; ಅವತ್ತು ಮನೆ ತುಂಬ ಜನ ಇದ್ದರು.

"ನಲವತ್ತೆರಡು ಇದೆ," ಅಂದರು ಸಬ್‌ಇನ್‌ಸ್ಪೆಕ್ಟರ್, ಫಾರ್ಮ್ ನೋಡುತ್ತಾ. "ನಲವತ್ತಮೂರು ಅಂತ ನೀವೇ ಬರೆದಿದೀರಿ. ಒಂದು ಎಲ್ಲಿ? ಯಾರಿಗಾದ್ರೂ ಕೊಟ್ರಾ?"

ಬೇಕರಿಯಮ್ಮ ಕಾಂಪೌಂಡಿನ ಕಡೆ ಕಣ್ಣು ಹಾಯಿಸಿದಳು. ಕುಂಡ ಇದ್ದ ಜಾಗದಲ್ಲಿ ದುಂಡಗಿನ ಒದ್ದೆ ಕಲೆ ಮಾತ್ರ ಇತ್ತು, ಇನ್ನೂ ಆರಿರಲಿಲ್ಲ. ಟೀಚರ ಮನೆಯ ಅಡುಗೆಮನೆ ಕಿಟಕಿ, ಹಗಲಲ್ಲಿ ಎಂದೂ ಮುಚ್ಚದ್ದು, ಮುಚ್ಚಿತ್ತು.

"ಒಂದು ಒಣಗಿಹೋಯ್ತು ಮೇಡಂ."

ಸಬ್‌ಇನ್‌ಸ್ಪೆಕ್ಟರ್ ಅವಳನ್ನೂ ಒದ್ದೆ ಕಲೆಯನ್ನೂ ಒಂದು ಕ್ಷಣ ನೋಡಿ, ಒಣಗಿದೆ ಎಂದೇ ಬರೆದುಕೊಂಡರು. ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡಬೇಕು ಎಂದು ಹೇಳಿ ಹೊರಟರು.

ಸಂಜೆ ಮೈದುನ ಬಂದ. ಕೋರ್ಟಿನ ಕಾಂಪೌಂಡಿನಲ್ಲಿ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಅರ್ಜಿ ಬರೆಯುವವನು. ಇಪ್ಪತ್ತು ವರ್ಷ ವಕೀಲರ ಪಕ್ಕದಲ್ಲಿ ಕುಳಿತು ಅರ್ಧ ವಕೀಲನೇ ಆಗಿದ್ದ. ಉಳಿದ ಅರ್ಧ ತಾನೇ ಸೇರಿಸಿಕೊಂಡಿದ್ದ. ಅಣ್ಣ ಹೋದಮೇಲೆ ಈ ಕಡೆ ಬಂದದ್ದು ಎರಡೋ ಮೂರೋ ಸಲ. ಆದರೆ ಸುದ್ದಿ ಕೇಳಿದ ಕೂಡಲೇ ಸೈಕಲ್ ತುಳಿದುಕೊಂಡು ಬಂದ ಎಂಬುದನ್ನೂ ಹೇಳಬೇಕು.

"ಅತ್ತಿಗೆ, ಗಾಬರಿ ಬೀಳಬೇಡಿ. ದಾರಿ ಇದೆ." ಚೀಲದಿಂದ ಒಂದು ಕಾಗದ ತೆಗೆದ. ಆಗಲೇ ಟೈಪ್ ಮಾಡಿಕೊಂಡೇ ಬಂದಿದ್ದ. "ಸತ್ತವರ ಮೇಲೆ ಕೇಸು ನಡೆಯಲ್ಲ. ಆರೋಪಿ ಇಲ್ಲ ಅಂದ್ರೆ ಫೈಲು ಅಲ್ಲಿಗೆ ಮುಗೀತು. ಅಣ್ಣನ ಮೇಲೆ ಹಾಕಿಬಿಡಿ."

"ಅಂದ್ರೆ?"

ಅವನು ಓದಿದ. "ನನ್ನ ದಿವಂಗತ ಪತಿಯು ಸದರಿ ಗಿಡಗಳ ಗುಣವನ್ನು ತಿಳಿದೂ ತಿಳಿದೂ, ನನಗೆ ಗೊತ್ತಿಲ್ಲದಂತೆ, ಸ್ವಂತ ಉಪಯೋಗಕ್ಕಾಗಿ ಬೀಜ ಬಿತ್ತಿದ್ದು..."

"ಸ್ವಂತ ಉಪಯೋಗ ಅಂದ್ರೆ ಏನಪ್ಪಾ?"

ಮೈದುನ ಕತ್ತು ಕೆರೆದುಕೊಂಡ. "ಅದೇ, ನಶೆಗೆ ಅಂತ. ಬರೆಯೋಕೆ ಹಾಗೆ ಬರೀಬೇಕು ಅತ್ತಿಗೆ. ಕಾರಣ ಇಲ್ಲದೆ ಯಾರೂ ಬಿತ್ತಲ್ಲವಲ್ಲ."

ತಳ ಸೀದ ಬ್ರೆಡ್ಡನ್ನು ಮನೆಗೆ ತರುವಾಗಲೂ ಮಾಲೀಕನನ್ನು ಕೇಳಿ ತರುತ್ತಿದ್ದ ಮನುಷ್ಯ. ಬೀಡಿ ಸೇದಿದವನಲ್ಲ. ಒಂದು ಸಲ ಕೆಮ್ಮಿನ ಔಷಧ ಕುಡಿದು ನಿದ್ದೆ ಬಂತೆಂದು, ಕೆಲಸಕ್ಕೆ ತಡವಾಗುತ್ತದೆ ಅಂತ ಬಾಟಲಿಯನ್ನೇ ಚೆಲ್ಲಿದವನು. ಬೇಕರಿಯಮ್ಮ ಕಾಗದವನ್ನು ಕೈಗೆ ತೆಗೆದುಕೊಂಡು, ತಿಳಿದೂ ತಿಳಿದೂ ಎಂಬ ಎರಡು ಪದಗಳನ್ನು ಬಹಳ ಹೊತ್ತು ನೋಡಿದಳು.

"ಒಪ್ಪದಿದ್ರೆ ಏನಾಗುತ್ತೆ?"

"ನಿಮ್ಮ ಮೇಲೆ ಬರುತ್ತೆ. ಫಾರ್ಮಲ್ಲಿ ಬೆಳೆಸಿದವರು ನಾನೇ ಅಂತ ಸಹಿ ಹಾಕಿದೀರಿ. ಜಾಮೀನು, ಕೋರ್ಟು, ವರ್ಷಗಟ್ಟಲೆ ಅಲೆದಾಟ. ಶಿಕ್ಷೆ ಆದ್ರೆ ಜೈಲು. ಈ ವಯಸ್ಸಲ್ಲಿ ಬೇಕಾ?" ಅವನ ದನಿ ಇಳಿಯಿತು. "ಅಣ್ಣನೇ ಇಲ್ಲಿ ಕೂತಿದ್ದಿದ್ರೆ ಏನು ಹೇಳ್ತಿದ್ದ ಹೇಳಿ. ನನ್ನ ಮೇಲೇ ಹಾಕು ಅಂತ ಅವನೇ ಮೊದಲು ಹೇಳ್ತಿದ್ದ."

ಅದು ನೂರಕ್ಕೆ ನೂರು ನಿಜ. ಹೇಳುತ್ತಿದ್ದ. ಕಾಗದವನ್ನು ಓದದೆಯೇ ಸಹಿ ಹಾಕಿ, ತಪ್ಪಾಯ್ತು ಅಂದುಬಿಡುತ್ತಿದ್ದ. ನಿಜವಾಗಿದ್ದಕ್ಕೇ ಆ ಮಾತು ಅವಳ ಕರುಳಿಗೆ ಚುಚ್ಚಿತು. ಮೈದುನ ಹೋದಮೇಲೆ, ಮಧ್ಯಾಹ್ನ ಒಂದು ಗಂಟೆಯ ಹೊತ್ತಲ್ಲದಿದ್ದರೂ, ಬಾಗಿಲ ಹಿಂದೆ ಹೋಗಿ ಏಪ್ರನ್ನಿನ ಮುಂದೆ ನಿಂತಳು. ಮುಖ ಒತ್ತಲಿಲ್ಲ. ಅದನ್ನು ನೋಡಿ ಮಾತಾಡಲೂ ಯಾಕೋ ನಾಚಿಕೆಯಾಯಿತು.

ಮರುದಿನ ಹತ್ತು ಗಂಟೆಗೆ ಸ್ಟೇಷನ್ನಿನ ಮರದ ಬೆಂಚಿನ ಮೇಲೆ ಅತ್ತಿಗೆ ಮೈದುನ ಇಬ್ಬರೂ ಕುಳಿತಿದ್ದರು. ಸಬ್‌ಇನ್‌ಸ್ಪೆಕ್ಟರ್ ಕಾಗದವನ್ನು ಪೂರ್ತಿ ಓದಿದರು. ಇಂಥ ಕಾಗದಗಳು ಅವರಿಗೆ ಹೊಸದೇನಲ್ಲ ಎಂಬುದು ಓದುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಇದು ನಿಮ್ಮ ಹೇಳಿಕೆನಾ?"

"ಹೂಂ ಮೇಡಂ, ಅವರದೇ," ಅಂದ ಮೈದುನ.

"ಅವರನ್ನ ಕೇಳಿದೆ. ನಿಮ್ಮ ಯಜಮಾನರು ತಿಳಿದೇ ಬಿತ್ತಿದ್ರಾ ಅಮ್ಮಾ? ಹೌದು ಅಂದ್ರೆ ಇಲ್ಲಿ ಸಹಿ ಹಾಕಿ. ನನಗೂ ಕೆಲಸ ಕಡಿಮೆ."

ಪೆನ್ನು ಬೇಕರಿಯಮ್ಮನ ಕೈಯಲ್ಲೇ ಇತ್ತು. ಸಹಿ ಹಾಕಬೇಕಾದ ಜಾಗದಲ್ಲಿ ಮೈದುನ ಪೆನ್ಸಿಲಿನಿಂದ ಗೆರೆಯನ್ನೂ ಎಳೆದಿದ್ದ.

"ಬಿತ್ತಲಿಲ್ಲ," ಅಂದಳು. "ಕೊಡವಿದರು."

"ಏನು ಕೊಡವಿದರು?"

"ಏಪ್ರನ್ನು. ದಿನಾ ಮಧ್ಯಾಹ್ನ ಬಂದು ಮೆಟ್ಟಿಲ ಮೇಲೆ ನಿಂತು ಕೊಡವ್ತಿದ್ರು. ಬನ್ನಿನ ಮೇಲೆ ಗಸಗಸೆ ಉದುರಿಸ್ತಾರಲ್ಲ ಮೇಡಂ, ಅದು ಬಟ್ಟೆಗೂ ಅಂಟಿಕೊಂಡಿರುತ್ತೆ. ಅವರಿಗೇನೂ ಗೊತ್ತಿಲ್ಲ. ಹೊರಗೆ ಕೊಡವಿ ಅಂದವಳು ನಾನು. ನೀರು ಹಾಕಿದವಳೂ ನಾನೇ."

"ಅತ್ತಿಗೆ," ಅಂದ ಮೈದುನ.

"ಸುಮ್ನಿರಪ್ಪಾ. ಮೂವತ್ತೊಂದು ವರ್ಷ ಎಲ್ಲದಕ್ಕೂ ಅವರು ತಪ್ಪಾಯ್ತು ಅಂದಿದಾರೆ. ನಾನು ಮಾಡಿದ್ದಕ್ಕೂ ಅಂದಿದಾರೆ. ಇದೊಂದನ್ನ ಅವರ ಬಾಯಲ್ಲಿ ಹೇಳಿಸಬೇಡ."

ಸಬ್‌ಇನ್‌ಸ್ಪೆಕ್ಟರ್ ತಮ್ಮ ಪೆನ್ನು ಕೆಳಗಿಟ್ಟರು. "ನೀವು ಹೇಳ್ತಿರೋದು ನಿಜ ಇರಬಹುದು. ಆದ್ರೆ ಬಾಯಿ ಮಾತು ಕೋರ್ಟಲ್ಲಿ ನಿಲ್ಲಲ್ಲ. ಆ ಏಪ್ರನ್ ಇದೆಯಾ?"

ಬೇಕರಿಯಮ್ಮ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದಳು.

"ಇದ್ರೂ ಒಗೆದಿರ್ತೀರಿ. ಒಗೆದಿದ್ರೆ ಪ್ರಯೋಜನ ಇಲ್ಲ."

"ಒಗೆದಿಲ್ಲ."

"ಹನ್ನೊಂದು ತಿಂಗಳಿಂದ?"

"ಒಗೆದಿಲ್ಲ ಮೇಡಂ."

ಟೇಬಲ್ಲಿನ ಆಚೆಯ ಹೆಂಗಸು ಈಚೆಯ ಹೆಂಗಸನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಾತಾಡಿದಾಗ ದನಿ ಸ್ವಲ್ಪ ಮೆತ್ತಗಾಗಿತ್ತು. "ಅದರಲ್ಲಿ ಬೀಜ ಸಿಕ್ಕಿದ್ರೆ ಲ್ಯಾಬಿಗೆ ಕಳಿಸ್ತೀನಿ. ಬೇಕರಿಯಿಂದ ಉದುರಿದ್ದು, ಯಾರೂ ಬೇಕಂತ ಬಿತ್ತಿಲ್ಲ ಅಂತ ವರದಿ ಬರೀಬಹುದು. ಜಡ್ಜ್ ಒಪ್ಪಿದ್ರೆ ಬಿಡ್ತಾರೆ. ಒಪ್ತಾರೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಆದ್ರೆ ಏಪ್ರನ್ ಸಾಕ್ಷಿ ಆಗುತ್ತೆ. ಸೀಲ್ ಮಾಡಿ ತಗೊಂಡು ಹೋಗ್ತೀವಿ. ಕೇಸ್ ಮುಗಿಯೋ ತನಕ ಸಿಗಲ್ಲ. ಆಮೇಲೂ ಸಿಗುತ್ತೆ ಅಂತಿಲ್ಲ, ಲ್ಯಾಬಲ್ಲಿ ಕತ್ತರಿಸಬಹುದು, ತೊಳೀಬಹುದು."

"ಅತ್ತಿಗೆ, ಇಲ್ಲಿ ಕೇಳಿ." ಮೈದುನ ಅವಳ ಕಡೆ ಬಗ್ಗಿದ. ಈ ಸಲ ಅವನ ಮಾತಿನಲ್ಲಿ ಕೋರ್ಟು ಇರಲಿಲ್ಲ. "ಸಹಿ ಹಾಕಿದ್ರೆ ನೀವೂ ಮನೇಲಿರ್ತೀರಿ, ಅದೂ ಮನೇಲಿರುತ್ತೆ. ಕಾಗದದಲ್ಲಿ ಏನಿದ್ರೆ ಏನು, ಯಾರು ಓದ್ತಾರೆ?"

ಯಾರೂ ಓದುವುದಿಲ್ಲ. ಫೈಲು ಕಟ್ಟಿ ಅಟ್ಟಕ್ಕೆ ಎಸೆಯುತ್ತಾರೆ. ದಿನಾ ಒಂದು ಗಂಟೆಗೆ ಬಾಗಿಲ ಹಿಂದೆ ಹೋಗಿ ಮುಖ ಒತ್ತಬಹುದು. ಆದರೆ ಒತ್ತಿದಾಗ ಆ ವಾಸನೆಯ ಜೊತೆಗೆ ಈ ಕಾಗದವೂ ಬರುತ್ತದೆ ಎಂದು ಬೇಕರಿಯಮ್ಮನಿಗೆ ನಿನ್ನೆ ಸಂಜೆಯೇ ಗೊತ್ತಾಗಿತ್ತು. ಪೆನ್ನನ್ನು ಟೇಬಲ್ಲಿನ ಮೇಲಿಟ್ಟು ಎದ್ದು ನಿಂತಳು.

"ಬನ್ನಿ ಮೇಡಂ, ಕೊಡ್ತೀನಿ."

ಜೀಪಿನಲ್ಲೇ ಬಂದರು. ಬೀದಿಯ ಕಿಟಕಿಗಳೆಲ್ಲ ಕಣ್ಣಾಗಿದ್ದವು. ಟೀಚರ ಕಿಟಕಿ ಮಾತ್ರ ಮುಚ್ಚಿಯೇ ಇತ್ತು. ಕಾನ್‌ಸ್ಟೇಬಲ್ ನಡುಮನೆಯ ನೆಲದ ಮೇಲೆ ಬಿಳಿಯ ಬಟ್ಟೆಯೊಂದನ್ನು ಹಾಸಿದ. ಸಬ್‌ಇನ್‌ಸ್ಪೆಕ್ಟರ್ ಕಿಟಕಿಗಳನ್ನು ಹಾಕಿಸಿ, ಫ್ಯಾನು ಆರಿಸಿದರು.

"ಇಲ್ಲೇ ಕೊಡವಬೇಕು."

"ಇಲ್ಲೇನಾ? ಒಳಗಾ?" ಬೇಕರಿಯಮ್ಮ ತಬ್ಬಿಬ್ಬಾದಳು. "ಒಳಗೆ ಬೇಡ ಮೇಡಂ. ಹಿತ್ತಿಲಿದೆಯಲ್ಲ."

"ಹೊರಗೆ ಗಾಳಿಗೆ ಹಾರಿಹೋಗುತ್ತೆ. ಒಂದೊಂದು ಬೀಜವೂ ಮುಖ್ಯ."

ಬೇಕರಿಯಮ್ಮ ಬಾಗಿಲ ಹಿಂದೆ ಹೋದಳು. ಮೊಳೆಯಿಂದ ತೆಗೆಯುವ ಮುಂಚೆ ಕೊನೆಯ ಸಲ ಮುಖ ಒತ್ತಿದಳು. ಇವತ್ತು ಉಳಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಬೇಗ ತೆಗೆಯಲಿಲ್ಲ. ನಡುಮನೆಯಲ್ಲಿ ಯಾರೂ ಕರೆಯಲಿಲ್ಲ, ಕಾದರು. ಬಂದಾಗ ಕಾನ್‌ಸ್ಟೇಬಲ್ ಕೈ ಚಾಚಿದ. ನಾನೇ ಮಾಡ್ತೀನಿ ಅಂದಳು.

ಆದರೆ ಹೇಗೆ ಎಂಬುದು ಹೊಳೆಯಲಿಲ್ಲ. ಮೂವತ್ತೊಂದು ವರ್ಷ ಒಳಗಿನಿಂದ ಕೂಗಿದವಳೇ ಹೊರತು ಒಂದು ದಿನವಾದರೂ ಹೊರಗೆ ಬಂದು ಆತ ಹೇಗೆ ಕೊಡವುತ್ತಾನೆ ಎಂದು ನಿಂತು ನೋಡಿದವಳಲ್ಲ. ಶಬ್ದ ಮಾತ್ರ ಗೊತ್ತಿತ್ತು: ಫಟ್, ಫಟ್, ಸ್ವಲ್ಪ ತಡೆದು ಇನ್ನೊಂದು ಫಟ್. ಎರಡು ತುದಿ ಹಿಡಿದಳು. ಆ ಶಬ್ದ ಬರುವ ತನಕ ಕೈಯೆತ್ತಿ ಬೀಸಿದಳು. ಮೊದಲಿನದು ಸರಿಯಾಗಲಿಲ್ಲ. ಎರಡನೆಯದಕ್ಕೆ ಬಂತು. ಎಷ್ಟು ಕೊಡವಿದರೂ ನೇಯ್ಗೆಯೊಳಗೆ ಉಳಿದಿದ್ದ ಹಿಟ್ಟು ಮೋಡವಾಗಿ ಎದ್ದು ಮುಚ್ಚಿದ ಕೋಣೆಯಲ್ಲೆಲ್ಲ ತುಂಬಿತು. ಅವಳ ತಲೆ, ಮುಖ, ಸಬ್‌ಇನ್‌ಸ್ಪೆಕ್ಟರ ಟೋಪಿ, ಕುರ್ಚಿ, ಗೋಡೆಯ ಗಡಿಯಾರ ಎಲ್ಲದರ ಮೇಲೂ ಮೆಲ್ಲಗೆ ಇಳಿಯಿತು. ಮೈದುನ ಬಾಗಿಲಲ್ಲಿ ನಿಂತು ಕೆಮ್ಮಿದ, ಕಣ್ಣೊರೆಸಿಕೊಂಡ. ಹಿಟ್ಟಿಗೆ ಕಣ್ಣು ಉರಿಯುತ್ತದೆ ಅಂದ.

ಬಟ್ಟೆಯ ಮೇಲೆ ನೋಡಿದರೆ ಬರೀ ಹಿಟ್ಟು. ಕಾನ್‌ಸ್ಟೇಬಲ್ ಮೊಣಕಾಲೂರಿ, ಟಾರ್ಚು ಹಿಡಿದು ಹುಡುಕಿದ. ಏನೂ ಇಲ್ಲ. ಬೇಕರಿಯಮ್ಮನೂ ಅವನ ಪಕ್ಕದಲ್ಲಿ ಬಗ್ಗಿ ಹುಡುಕಿದಳು. ಕೊನೆಗೆ ಸಬ್‌ಇನ್‌ಸ್ಪೆಕ್ಟರ್ ಏಪ್ರನ್ನಿನ ಜೇಬನ್ನು ಒಳಗು ಹೊರಗು ಮಾಡಿಸಿ, ಹೊಲಿಗೆಯ ಮೂಲೆಯನ್ನು ಬೆರಳಿನಿಂದ ತಟ್ಟಿದರು. ಸಾಸಿವೆಗಿಂತ ಸಣ್ಣವು, ಬೂದಿ ಬಣ್ಣದವು, ಒಂದೊಂದಾಗಿ ಉದುರಿದವು. ಎಣಿಸಿದಾಗ ಹತ್ತೊಂಬತ್ತು.

ಅವನ್ನು ಒಂದು ಸಣ್ಣ ಕವರಿಗೆ, ಏಪ್ರನ್ನನ್ನು ಮಡಿಸಿ ದೊಡ್ಡ ಕವರಿಗೆ ಹಾಕಿ, ಅರಗು ಕರಗಿಸಿ ಮುದ್ರೆ ಒತ್ತಿದರು. ಮಹಜರಿಗೆ ಮೈದುನನೇ ಸಾಕ್ಷಿ ಸಹಿ ಹಾಕಿದ. ತಾನು ಟೈಪ್ ಮಾಡಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದ. ಬೇಕರಿಯಮ್ಮ ತನ್ನ ಹೇಳಿಕೆಯ ಕೆಳಗೆ ತನ್ನ ಸ್ವಂತ ಹೆಸರನ್ನು ಗುಂಡಗೆ ಬರೆದಳು. ಈ ಸಲ ಪಕ್ಕದಲ್ಲಿ ಯಾರನ್ನೂ ಸೇರಿಸಲಿಲ್ಲ.

"ತೀರ್ಮಾನ ಆಗೋ ತನಕ ಪ್ರತಿ ಸೋಮವಾರ ಸ್ಟೇಷನ್ನಿಗೆ ಬಂದು ಸಹಿ ಹಾಕಿ ಹೋಗಬೇಕು," ಅಂದರು ಸಬ್‌ಇನ್‌ಸ್ಪೆಕ್ಟರ್. "ಕಷ್ಟ ಆಗುತ್ತಾ?"

"ಇಲ್ಲ ಮೇಡಂ. ಬರ್ತೀನಿ. ಎಷ್ಟು ಹೊತ್ತಿಗೆ?"

ಕೇಳಿದ ರೀತಿಗೆ ಸಬ್‌ಇನ್‌ಸ್ಪೆಕ್ಟರ್ ತಲೆಯೆತ್ತಿ ನೋಡಿದರು. ಹತ್ತರಿಂದ ಹನ್ನೊಂದರೊಳಗೆ ಅಂದರು. ಟೋಪಿಯ ಮೇಲಿನ ಹಿಟ್ಟನ್ನು ಅಲ್ಲಿ ಕೊಡವದೆ, ಹೊರಗೆ ಜೀಪಿನ ಹತ್ತಿರ ಹೋಗಿ ಕೊಡವಿಕೊಂಡರು. ಮೈದುನ ಭಾನುವಾರ ಬರುತ್ತೇನೆ ಅಂದ. ಬಂದರೆ ಬಂದ.

ಬೇಕರಿಯಮ್ಮ ಮುಂಬಾಗಿಲು ಹಾಕಿ ಒಳಗೆ ಬಂದಳು. ಗಡಿಯಾರದಲ್ಲಿ ಒಂದು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ಗಾಜಿನ ಮೇಲೆ ಹಿಟ್ಟು ಕೂತಿದ್ದರಿಂದ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. ನೆಲದ ತುಂಬ ಬೆಳ್ಳಗೆ ಹಿಟ್ಟು. ಅದರ ಮೇಲೆ ಬೂಟುಗಳ ಗುರುತು, ಮೈದುನನ ಚಪ್ಪಲಿಯ ಗುರುತು, ನಡುವೆ ತನ್ನ ಬರಿಗಾಲಿನ ಗುರುತು. ಹಾಸಿಗೆಯ ಕೋಣೆಯ ಹೊಸ್ತಿಲ ತನಕವೂ ಹರಡಿತ್ತು. ಮನೆ ಕಟ್ಟಿದಂದಿನಿಂದ ಈ ನೆಲದ ಮೇಲೆ ಇಷ್ಟು ಹಿಟ್ಟು ಬಿದ್ದಿರಲಿಲ್ಲ, ಮತ್ತು ಅದನ್ನು ಬೀಳಿಸಿದವಳು ತಾನು.

ಅಭ್ಯಾಸಬಲಕ್ಕೆ ಪೊರಕೆ ಹಿಡಿದು ಬಂದಳು. ಬಗ್ಗಿದವಳು ನಿಂತಳು. ಗುಡಿಸಿದರೆ ಮೊರದಲ್ಲಿ ತುಂಬಿ ಹೊರಗೆ ಚೆಲ್ಲಬೇಕು, ಆಮೇಲೆ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಹಿತ್ತಿಲ ಬಾಗಿಲ ಹಿಂದೆ ಹೋದಳು. ಬರೀ ಮೊಳೆ ಇತ್ತು. ಸುತ್ತ ಗೋಡೆಯ ಬಣ್ಣ ಮಾಸಿ, ಏಪ್ರನ್ ನೇತಾಡುತ್ತಿದ್ದಷ್ಟು ಜಾಗ ಮಾತ್ರ ಹೊಸದಾಗಿ ಉಳಿದಿತ್ತು.

"ಒಳಗೇ ಕೊಡವಿಬಿಟ್ಟೆ," ಅಂದಳು ಮೊಳೆಯ ಕಡೆ ನೋಡಿ. "ತಪ್ಪಾಯ್ತು."

ಒಂದು ಗಂಟೆ ಹೊಡೆಯಿತು. ಅವಳು ಹಿಟ್ಟಿನ ಮೇಲೆ ಹೆಜ್ಜೆಯಿಡುತ್ತಾ ನಡುಮನೆಗೆ ಬಂದು, ನೆಲದ ಮೇಲೆಯೇ ಕುಳಿತಳು.